ಮುಯ್ಯಿಗೆ ಒಂದು ರೂಪಾಯಿ ಸೇರಿಸಬೇಡಿ

ಆಷಾಢ ಕಳೆಯಲಿ ಎಂದು ನಾವು ಕಾಯುತ್ತೇವೆ. ಶ್ರಾವಣ ಹುಟ್ಟಿದ್ದೇ ತಡ, ಊರಿನ ಕಲ್ಯಾಣಮಂಟಪಗಳಿಗೆ ಬಿಡುವೇ ಇರುವುದಿಲ್ಲ. ಕೇರಳದಲ್ಲಿ ಹೆಸರು ಬೇರೆ, ಲೆಕ್ಕ ಅದೇ. ಜಡಿಮಳೆಯ ಕರ್ಕಿಡಕಂ ತಿಂಗಳಲ್ಲಿ ಮದುವೆ ಇಲ್ಲ, ಚಿಂಗಂ ಬಂದೊಡನೆ ಮುಹೂರ್ತಗಳಿಗೆ ನೂಕುನುಗ್ಗಲು. 2024ರ ಸೆಪ್ಟೆಂಬರ್ 8ರಂದು ಗುರುವಾಯೂರು ದೇವಸ್ಥಾನದ ಎದುರಿನ ಮಂಟಪಗಳಲ್ಲಿ ಒಂದೇ ದಿನ 300ಕ್ಕೂ ಹೆಚ್ಚು ಮದುವೆ ನಡೆದವು.

ಅಂಥದೊಂದು ಚಿಂಗಂ ಮುಹೂರ್ತವನ್ನು ಮಲೇಷ್ಯಾದ ಪೆನಾಂಗ್‌ನಲ್ಲಿರುವ ಚೀನೀ ಬೀಗರಿಗೆ ಫೋನ್ ಮಾಡಿ ಹೇಳಿ ನೋಡಿ. ಆ ಕಡೆಯವರು ಕೂಡಲೇ ಹೂಂಗುಟ್ಟುವುದು ಕಷ್ಟ. ಚೀನೀ ಚಾಂದ್ರಮಾನದ ಏಳನೇ ತಿಂಗಳು ಪ್ರೇತಗಳ ತಿಂಗಳು. ಪರಲೋಕದ ಬಾಗಿಲು ತೆರೆದು ಹಸಿದ ಪ್ರೇತಗಳು ಬೀದಿಗೆ ಬರುತ್ತವೆ ಎಂಬ ನಂಬಿಕೆಯಲ್ಲಿ ಜನ ಮನೆಯ ಮುಂದೆ ಎಡೆ ಇಟ್ಟು, ಕಾಗದದ ದುಡ್ಡು ಸುಡುತ್ತಾರೆ. ಆ ತಿಂಗಳು ಮದುವೆ ಇಲ್ಲ, ಹೊಸ ಮನೆ ಹೊಕ್ಕುವುದೂ ಇಲ್ಲ. 2026ರಲ್ಲಿ ಅದು ಆಗಸ್ಟ್ 13ರಿಂದ ಸೆಪ್ಟೆಂಬರ್ 10ರವರೆಗೆ. ನಮ್ಮ ಪಂಚಾಂಗ ತೆರೆದರೆ ಶ್ರಾವಣ ಶುರುವಾಗುವುದೂ ಅದೇ ಆಗಸ್ಟ್ 13ಕ್ಕೆ. ಎರಡೂ ಕಡೆ ತಿಂಗಳನ್ನು ಎಣಿಸುವುದು ಅಮಾವಾಸ್ಯೆಯಿಂದ, ಹಾಗಾಗಿ ಅವರ ಏಳನೇ ತಿಂಗಳೂ ನಮ್ಮ ಶ್ರಾವಣವೂ ಬಹಳ ವರ್ಷ ಒಂದರ ಮೇಲೊಂದು ಕೂರುತ್ತವೆ. ನಾವು ಕಾದು ಹಿಡಿಯುವ ತಿಂಗಳನ್ನೇ ಅವರು ಕಾದು ಬಿಡುತ್ತಾರೆ.

ಇಂಥ ಸಂಬಂಧ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಮಲಯಾಳಿಗಳ ಓಡಾಟದ ಚರಿತ್ರೆಯೇ ಉತ್ತರ. ಸಿಂಗಪುರದ ಮಲಯಾಳಿ ಸಂಘಕ್ಕೆ 2017ರಲ್ಲೇ ನೂರು ತುಂಬಿತು. ಮಲಯಾಳಿ ಮೂಲದ ದೇವನ್ ನಾಯರ್ ಆ ದೇಶದ ರಾಷ್ಟ್ರಪತಿಯಾಗಿದ್ದರು. ಚೀನಾದ ವೈದ್ಯಕೀಯ ಕಾಲೇಜುಗಳಿಗೆ ಕೇರಳದ ಮಕ್ಕಳು ಹೋಗುತ್ತಾರೆ ಎಂಬುದು ದೇಶಕ್ಕೆಲ್ಲ ಗೊತ್ತಾದದ್ದು 2020ರ ಜನವರಿ 30ರಂದು, ಭಾರತದ ಮೊದಲ ಕೋವಿಡ್ ಪ್ರಕರಣ ವುಹಾನ್‌ನಿಂದ ತ್ರಿಶೂರಿಗೆ ಮರಳಿದ ವಿದ್ಯಾರ್ಥಿನಿಯದು ಎಂದು ಸುದ್ದಿ ಬಂದಾಗ. ಆ ವರ್ಷ ನಿಂತ ಭಾರತ-ಚೀನಾ ನೇರ ವಿಮಾನಗಳು ಮತ್ತೆ ಹಾರಿದ್ದು 2025ರ ಅಕ್ಟೋಬರ್ ಕೊನೆಗೆ. ಚೀನೀ ಪ್ರಜೆಗಳಿಗೆ ಪ್ರವಾಸಿ ವೀಸಾ ಮರಳಿದ್ದು ಅದೇ ವರ್ಷದ ಜುಲೈನಲ್ಲಿ. ಮಲೇಷ್ಯಾ, ಸಿಂಗಪುರದ ಚೀನೀಯರಿಗಾದರೆ ಈ ತೊಡಕು ಇರಲೇ ಇಲ್ಲ. ಕೊಚ್ಚಿಗೂ ತಿರುವನಂತಪುರಕ್ಕೂ ಅಲ್ಲಿಂದ ನೇರವಾಗಿ ಬಂದಿಳಿಯಬಹುದು.

ಲೆಕ್ಕ ಹಾಕಲು ಅನುಕೂಲವಾಗಲಿ ಎಂದು ಒಂದು ಜೋಡಿಯನ್ನು ಊಹಿಸಿಕೊಳ್ಳೋಣ. ಹುಡುಗಿ ತಿರುವನಂತಪುರದ ನಾಯರ್ ಮನೆಯವಳು, ಕೆಲಸ ಕೊಚ್ಚಿಯ ಇನ್ಫೋಪಾರ್ಕ್‌ನಲ್ಲಿ. ಹುಡುಗ ಪೆನಾಂಗ್‌ನ ಚೀನೀ ಮನೆತನದವನು. ಮದುವೆ ಕೊಚ್ಚಿಯಲ್ಲಿ. ಇಂಥ ಮದುವೆ ಎಂದರೆ ಮೊದಲು ಕೇಳಿಬರುವ ಪ್ರಶ್ನೆ, ಶಾಸ್ತ್ರಗಳು ಹೊಂದುತ್ತವೆಯೇ? ನನಗೆ ಆ ಚಿಂತೆ ಇಲ್ಲ, ಹೊಂದುತ್ತವೆ. ಚೀನೀ ಪರಂಪರೆಯ ಆರು ವಿಧಿಗಳನ್ನು ಬಿಡಿಸಿ ನೋಡಿ: ಹೆಣ್ಣು ಕೇಳುವುದು, ಹುಟ್ಟಿದ ಗಳಿಗೆ ಕೇಳುವುದು, ಅದನ್ನು ಕೂಡಿಸಿ ಶಕುನ ನೋಡುವುದು, ಉಡುಗೊರೆ ಒಯ್ಯುವುದು, ದಿನ ಗೊತ್ತುಮಾಡುವುದು, ಹೋಗಿ ಕರೆತರುವುದು. ಇದರಲ್ಲಿ ನಮ್ಮ ಅಜ್ಜಿಗೆ ಹೊಸದೆನಿಸುವುದು ಒಂದೂ ಇಲ್ಲ. ತೊಡಕಿರುವುದು ದಿಕ್ಕಿನಲ್ಲಿ. ಕನ್ನಡಿಯಲ್ಲಿ ಮುಖ ಅದೇ, ಎಡಬಲ ಮಾತ್ರ ಅದಲುಬದಲು. ಯಾರು ಯಾರಿಗೆ ಕೊಡಬೇಕು, ಯಾರು ಮೊದಲು ಕೂರಬೇಕು, ಯಾವ ಬಣ್ಣ ಯಾವುದಕ್ಕೆ, ಇವಿಷ್ಟು ಮೊದಲು ಮಾತಾಡಿಕೊಂಡರೆ ಹಾಲ್, ಹೂವು, ವಿಡಿಯೋದವನು ಎಲ್ಲ ಆಮೇಲೆ. ಈವೆಂಟ್‌ನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಮೊದಲು ಥರ್ಮಾಕೋಲಿನ ಡ್ರ್ಯಾಗನ್ ತರುತ್ತಾರೆ, ಜತೆಗೆ ಬಿಳಿ ಕಾಗದದ ಲಾಟೀನು ಕಟ್ಟುತ್ತಾರೆ. ಚೀನೀ ಮನೆಯ ಮುಂದೆ ಬಿಳಿ ಲಾಟೀನು ತೂಗುವುದು ಸಾವಾದಾಗ.

ದಿನದ ವಿಷಯಕ್ಕೇ ಬರೋಣ. ಚಿಂಗಂ ಕೈತಪ್ಪಿದರೆ ತುಲಾ, ವೃಶ್ಚಿಕ ಇವೆ, ಅಂದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಧನು ನಮಗೂ ಮಲಯಾಳಿಗಳಿಗೂ ಬೇಡ. ಹುಡುಗಿ ಸಿರಿಯನ್ ಕ್ರೈಸ್ತಳಾಗಿದ್ದರೆ ಕ್ರಿಸ್‌ಮಸ್ ಮುಂಚಿನ ನೋಂಬು, ಈಸ್ಟರ್ ಮುಂಚಿನ ದೊಡ್ಡ ನೋಂಬು ಎರಡೂ ಬಿಡಬೇಕು. ಚೀನೀ ಕಡೆಯವರು ತಮ್ಮ ಪಂಚಾಂಗ ತೆರೆದು, ಗಂಡು ಹೆಣ್ಣಿನ ರಾಶಿಪ್ರಾಣಿಗೆ ಆಗದ ದಿನಗಳನ್ನು ಹೊಡೆದುಹಾಕುತ್ತಾರೆ. ತಾರೀಕಿನಲ್ಲಿ 4 ಇರಬಾರದು, ಆ ಸಂಖ್ಯೆಯ ಉಚ್ಚಾರ ಅವರ ಕಿವಿಗೆ ಸಾವಿನ ಮಾತಿನಂತೆ ಕೇಳುತ್ತದೆ. 8 ಇದ್ದರೆ ಸಂತೋಷ. ನಾನು ಸೇರಿಸುವುದು ಒಂದೇ: 1ನೇ ತಾರೀಕೂ ಬೇಡ. ಕೇರಳದಲ್ಲಿ ತಿಂಗಳ ಮೊದಲ ದಿನ ಮದ್ಯದಂಗಡಿ ಮುಚ್ಚಿರುತ್ತದೆ. ಚೀನೀ ಔತಣದಲ್ಲಿ ವರನ ತಂದೆ ಮೇಜಿನಿಂದ ಮೇಜಿಗೆ ಹೋಗಿ ಬಟ್ಟಲೆತ್ತದಿದ್ದರೆ ಊಟ ಹಾಕಿಸಿದ ಹಾಗೇ ಅಲ್ಲ.

ಇಷ್ಟೆಲ್ಲ ತಾರೀಕು ನೋಡಿದ ಮೇಲೂ ಸರ್ಕಾರದ ತಾರೀಕು ಬೇರೆ ಇದೆ. ಬೇರೆ ಬೇರೆ ಧರ್ಮದವರಿಗೆ, ವಿದೇಶಿ ಪ್ರಜೆಗೆ ಸಲೀಸಾದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಕೇರಳದಲ್ಲಿ ಇದು ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ. ನೋಟಿಸ್ ಕೊಡುವ ಮುಂಚೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟಿಸ್ ಗೋಡೆಗೆ ಬಿದ್ದ ಮೇಲೆ ಆಕ್ಷೇಪಣೆಗೆ ಇನ್ನೂ 30 ದಿನ. ನೋಟಿಸಿನ ಆಯಸ್ಸು ಮೂರು ತಿಂಗಳು. ಸಹಿ ಹಾಕುವ ದಿನ ಮೂವರು ಸಾಕ್ಷಿಗಳು. ವಿದೇಶಿ ಪ್ರಜೆ ತಾನು ಅವಿವಾಹಿತ ಎಂಬ ಪತ್ರವನ್ನು ತನ್ನ ದೇಶದಿಂದ ತರಬೇಕಾಗುತ್ತದೆ. ಹುಡುಗಿ ಎರ್ನಾಕುಲಂ ಜಿಲ್ಲೆಯಲ್ಲೇ ವಾಸವಿರುವುದರಿಂದ ನೋಟಿಸ್ ಅಲ್ಲೇ ಕೊಡಬಹುದು. ತಂದೆಯ ಊರು ತಿರುವನಂತಪುರ ಎಂದು ಅಲ್ಲಿಗೆ ಓಡಬೇಕಿಲ್ಲ. ಈ ನೋಂದಣಿಯನ್ನು ಬೀಗರು ಬರುವ ಮುಂಚೆಯೇ ಮುಗಿಸಿ. ಚೀನೀಯರಿಗೆ ಇದು ವಿಚಿತ್ರ ಅನ್ನಿಸುವುದೂ ಇಲ್ಲ. ಅವರಲ್ಲಿ ಕಾನೂನಿನ ಮದುವೆ ಒಂದು ದಿನ ಕಚೇರಿಯಲ್ಲಿ, ಔತಣದ ಮದುವೆ ಇನ್ನೊಂದು ದಿನ ಮನೆಯಲ್ಲಿ. ಚೀನಾದಲ್ಲಿ ಮೇ 20 ಬಂತೆಂದರೆ ನೋಂದಣಿ ಕಚೇರಿಗಳ ಮುಂದೆ ಸಾಲು, ಆ ಅಂಕಿಗಳನ್ನು ಒಟ್ಟಿಗೆ ಹೇಳಿದರೆ ಪ್ರೀತಿಯ ಮಾತಿನಂತೆ ಕೇಳುತ್ತದಂತೆ. ಅಷ್ಟಾದರೂ 2024ರಲ್ಲಿ ಅಲ್ಲಿ ನೋಂದಣಿಯಾದ ಮದುವೆ 61 ಲಕ್ಷ ಮಾತ್ರ, ಹಿಂದಿನ ವರ್ಷಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ.

ಇನ್ನು ದುಡ್ಡು. ಎಲ್ಲರೂ ಕೊನೆಗೆ ತಳ್ಳುವ ಮಾತು ಇದು, ಮೊದಲೇ ಆಡಬೇಕಾದದ್ದೂ ಇದೇ. ಕೇರಳದಲ್ಲಿ ಚಿನ್ನ ಹೆಣ್ಣಿನ ಮನೆಯಿಂದ ಹೊರಡುತ್ತದೆ. ಮದುಮಗಳ ಮೊಣಕೈವರೆಗೆ ಬಳೆ, ಎದೆ ತುಂಬ ಮಾಲೆ, ಎಲ್ಲ ಅಪ್ಪನ ಸಾಲ. ಚೀನೀಯರಲ್ಲಿ ದುಡ್ಡು ಹೊರಡುವುದು ಗಂಡಿನ ಮನೆಯಿಂದ. ಅದನ್ನು ಛೈಲಿ ಎನ್ನುತ್ತಾರೆ. ನಮ್ಮಲ್ಲೂ ಹಲವು ಸಮುದಾಯಗಳಲ್ಲಿ ಹೆಣ್ಣಿಗೆ ತೆರ ಕೊಡುವ ಪದ್ಧತಿ ಇತ್ತು, ಹೆಚ್ಚುಕಡಿಮೆ ಅದೇ. ಹೆಣ್ಣಿನ ಮನೆಯವರು ಬಂದದ್ದರಲ್ಲಿ ಒಂದು ಪಾಲನ್ನು ಮರಳಿಸುತ್ತಾರೆ, ಪೂರ್ತಿ ಇಟ್ಟುಕೊಂಡರೆ ಆಸೆಬುರುಕರು ಎಂಬ ಹೆಸರು. ಅತ್ತೆ ಸೊಸೆಗೆ ಚಿನ್ನವನ್ನೂ ಹಾಕುತ್ತಾಳೆ. ಚೀನೀಯರಲ್ಲೇ ತಿಯೊಚ್ಯೂ ಪಂಗಡದ ಮನೆತನಗಳಲ್ಲಿ ಸರ, ಪದಕ, ಓಲೆ, ಕೈಬಳೆ ಎಂದು ನಾಲ್ಕು ಬಗೆ. ಅಪಶಕುನದ ನಾಲ್ಕು ಇಲ್ಲಿ ಮಾತ್ರ ಹೇಗೆ ಒಳಗೆ ಬಂತೋ! ಚೀನಾದಲ್ಲಿ ಛೈಲಿ ಮೊತ್ತ ಏರಿ ಏರಿ ಜಗಳಗಳು ಕೋರ್ಟಿಗೆ ಹೋದದ್ದರಿಂದ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದಕ್ಕೆಂದೇ ಮಾಡಿದ ನಿಯಮಗಳು 2024ರ ಫೆಬ್ರವರಿ 1ರಿಂದ ಜಾರಿಯಲ್ಲಿವೆ.

ಎರಡು ಕಡೆಯೂ ಕೊಡುವವರೇ ಆದರೆ ಹುಡುಗಿಗೆ ಲಾಭವಲ್ಲವೇ ಎಂದು ನಗಬಹುದು. ಆದರೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಓದಿದವರು ಅಷ್ಟು ಸುಲಭವಾಗಿ ನಗುವುದಿಲ್ಲ. ಹೆಸರಿನಲ್ಲಿ ವರ ಇದ್ದರೂ ಕಾಯ್ದೆಗೆ ದಿಕ್ಕಿನ ಹಂಗಿಲ್ಲ. ಮದುವೆಯ ಸಂಬಂಧದಲ್ಲಿ ಒಂದು ಪಕ್ಷ ಇನ್ನೊಂದಕ್ಕೆ ಕೊಟ್ಟ ಅಥವಾ ಕೊಡಲು ಒಪ್ಪಿದ ಸ್ವತ್ತೆಲ್ಲ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಆದ್ದರಿಂದ ಛೈಲಿ ಮೊತ್ತವನ್ನು ಕೂತು ಚೌಕಾಸಿ ಮಾಡಬಾರದು. ತಟ್ಟೆಯಲ್ಲಿ ಕಿತ್ತಳೆ, ಸಿಹಿ, ಚಹಾ, ಸೊಸೆಗೆ ಅತ್ತೆಯ ಒಂದು ಬಳೆ, ಸಾಂಕೇತಿಕವಾಗಿ ಒಂದು ಕೆಂಪು ಲಕೋಟೆ, ಇಷ್ಟಕ್ಕೆ ನಿಲ್ಲಲಿ. ಹೆಣ್ಣಿನ ತಂದೆಯ ಸಾಲದ ಚಿನ್ನವೂ ಇದೇ ನೆಪದಲ್ಲಿ ಇಳಿದರೆ ಇನ್ನೂ ಒಳ್ಳೆಯದು. ಕೇಳುವ ಪದ್ಧತಿಯೇ ಇಲ್ಲದ ಬೀಗರು ಸಿಕ್ಕಿರುವಾಗ ನೆರೆಮನೆಯವರಿಗಾಗಿ ಆ ಭಾರ ಹೊರುವುದು ನನಗಂತೂ ಅರ್ಥವಾಗುವುದಿಲ್ಲ.

ಬಂದ ನೆಂಟರ ದುಡ್ಡಿನದು ಇನ್ನೊಂದು ತಮಾಷೆ. ನಾವು ಮುಯ್ಯಿ ಮಾಡುವಾಗ ನೂರಕ್ಕೆ ಒಂದು, ಐನೂರಕ್ಕೆ ಒಂದು ಸೇರಿಸುತ್ತೇವೆ, ಅಂಗಡಿಯ ಲಕೋಟೆಗೂ ಒಂದು ರೂಪಾಯಿ ನಾಣ್ಯ ಅಂಟಿಸಿಯೇ ಇರುತ್ತಾರೆ. ಚೀನೀಯರಲ್ಲಿ ಮದುವೆಗೆ ಸಮಸಂಖ್ಯೆ, ಸಾವಿಗೆ ಬೆಸಸಂಖ್ಯೆ. ಬಿಳಿ ಲಕೋಟೆಯೂ ಸಾವಿನ ಮನೆಗೇ. ಹೀಗಾಗಿ ನಮ್ಮ ಕಡೆಯ ದೊಡ್ಡಪ್ಪ ಪ್ರೀತಿಯಿಂದ ಬಿಳಿ ಕವರಿನಲ್ಲಿ 501 ಇಟ್ಟು ಚೀನೀ ವರನ ಕೈಗೆ ಕೊಟ್ಟರೆ ವರನ ಅಜ್ಜಿಯ ಮುಖ ನೋಡುವಂತಿರುವುದಿಲ್ಲ. ಗೋಡೆ ಗಡಿಯಾರವಂತೂ ಬೇಡವೇ ಬೇಡ. ಆಫೀಸಿನ ಗೆಳೆಯರೆಲ್ಲ ಸೇರಿ ಕೊಡುವ ಆ ಉಡುಗೊರೆ ಅವರಿಗೆ ಅಂತ್ಯಕ್ರಿಯೆಯ ನೆನಪು ತರುತ್ತದೆ. ಕರೆಯೋಲೆಯ ಜತೆಯಲ್ಲೇ ಒಂದು ಕೆಂಪು ಲಕೋಟೆ ಇಟ್ಟು ಕಳಿಸಿಬಿಡುವುದು ಲೇಸು. ಬಾಯಲ್ಲಿ ಹೇಳುವ ಮುಜುಗರ ತಪ್ಪುತ್ತದೆ.

ಬಿಳಿಯ ತೊಡಕು ಲಕೋಟೆಗೆ ಮುಗಿಯುವುದಿಲ್ಲ, ಏಕೆಂದರೆ ಇದು ಕೇರಳ. ಬಲರಾಮಪುರಂ ಮಗ್ಗಗಳ ಕಸವು ಸೀರೆ ತಿರುವನಂತಪುರದ ಹೆಮ್ಮೆ, ಕೆನೆಬಣ್ಣದ ಬಟ್ಟೆ, ಅಂಚಿಗೆ ಚಿನ್ನದ ಜರಿ. ನಾಯರ್ ಮದುವೆಯಲ್ಲಿ ವರ ವಧುವಿಗೆ ತಟ್ಟೆಯಲ್ಲಿಟ್ಟು ಕೊಡುವ ಪುಡವ ಇದೇ ಬಟ್ಟೆ. ಒಂದು ಕಾಲಕ್ಕೆ ಆ ಬಟ್ಟೆ ಕೊಟ್ಟದ್ದೇ ಮದುವೆ. ಮಂಟಪದ ಮುಂದೆ ಕೂತ ಗಂಡಸರೆಲ್ಲ ಬಿಳಿ ಮುಂಡು. ಸಾವಿಗೆ ಬಿಳಿ ಉಡುವ ನಾಡಿನಿಂದ ಬಂದ ಮುದುಕಿಗೆ ಈ ದೃಶ್ಯ ಹೇಗಿರಬಹುದು ಎಂದು ಯೋಚಿಸಿ. ಪುಣ್ಯಕ್ಕೆ ಈಚಿನ ಚೀನೀ ವಧುಗಳೂ ಬಿಳಿ ಗೌನ್ ತೊಟ್ಟು ಫೋಟೋ ಹೊಡೆಸಿಕೊಳ್ಳುವುದರಿಂದ ಮೊದಲಿನ ಬಿಗಿ ಇಲ್ಲ. ಆದರೂ ಹಿರಿಯರಿಗೆ ಮುಂಚೆಯೇ ಹೇಳಿಡಬೇಕು. ನನಗೆ ತೋಚುವ ದಾರಿ ಹೊತ್ತು ಹಂಚುವುದು: ಬೆಳಗ್ಗೆ ವರ ಕರೆದೊಯ್ಯಲು ಬರುವಾಗ ಕೆಂಪು, ಮುಹೂರ್ತದಲ್ಲಿ ಪುಡವ, ಸಂಜೆ ಔತಣಕ್ಕೆ ಮತ್ತೆ ಕೆಂಪು.

ಹೊತ್ತು ಹಂಚುವುದು ಇಲ್ಲಿ ನಿಜಕ್ಕೂ ಸುಲಭ. ನಾಯರ್ ಮದುವೆಯ ಮುಖ್ಯ ಶಾಸ್ತ್ರ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಹೋಮವಿಲ್ಲ, ಉದ್ದದ ಮಂತ್ರವಿಲ್ಲ. ತಾಳಿ, ಮಾಲೆ, ಪುಡವ, ಆಮೇಲೆ ಸದ್ಯ ಎಂಬ ಎಲೆಯೂಟ. ತಾಳಿ ಬಿದ್ದ ಮರುನಿಮಿಷ ಊಟದ ಹಾಲ್‌ಗೆ ಜನ ನುಗ್ಗುವುದನ್ನು ಕೇರಳದ ಮದುವೆಗೆ ಹೋದ ಯಾವ ಕನ್ನಡಿಗನೂ ಮರೆಯಲಾರ. ಚೀನೀ ಮದುವೆಯ ಜೀವವಿರುವುದು ಆ ನಡುಹಗಲಿನ ಎರಡು ಪಕ್ಕಗಳಲ್ಲಿ, ಬೆಳಗಿನ ಮನೆಯಲ್ಲಿ, ರಾತ್ರಿಯ ಊಟದಲ್ಲಿ.

ಹಿಂದಿನ ರಾತ್ರಿ ವಧೂವರರಿಗೆ ಅವರವರ ಮನೆಯಲ್ಲಿ ತಲೆ ಬಾಚುವ ಶಾಸ್ತ್ರ. ಒಂದೊಂದು ಬಾಚಿಗೂ ಒಂದೊಂದು ಹರಕೆ. ಬಾಚುವವಳು ಗಂಡ, ಮಕ್ಕಳು ಸುಖವಾಗಿರುವ ಹಿರಿಯಳೇ ಆಗಬೇಕು. ನಮ್ಮ ಮುತ್ತೈದೆ ಎಂದರೆ ತಪ್ಪಿಲ್ಲ. ಬೆಳಗ್ಗೆ ವರನ ದಂಡು ವಧುವಿನ ಮನೆಗೆ ಬಂದರೆ ಗೆಳತಿಯರು ಬಾಗಿಲು ತಡೆಯುತ್ತಾರೆ. ನಮ್ಮಲ್ಲಿ ನಾದಿನಿ ಅಣ್ಣ ಅತ್ತಿಗೆಯನ್ನು ಹೊಸ್ತಿಲಲ್ಲಿ ತಡೆಯುತ್ತಾಳೆ, ಅಲ್ಲಿ ತಡೆಯುವುದು ಹೆಣ್ಣಿನ ಕಡೆಯವರು. ಹಾಡು ಹೇಳು, ಖಾರ ತಿನ್ನು, ಲಕೋಟೆ ಕೊಡು ಎಂದು ವರನನ್ನು ಗೋಳು ಹೊಯ್ದುಕೊಂಡ ಮೇಲೆಯೇ ದಾರಿ. ವಧು ಹೊರಡುವಾಗ ತಲೆಯ ಮೇಲೆ ಕೆಂಪು ಕೊಡೆ. ಇದಕ್ಕೆ ಚೀನಾದಿಂದ ಏನೂ ತರಿಸಬೇಕಿಲ್ಲ, ತ್ರಿಶೂರ್ ಪೂರಂನ ಆನೆಯ ಮೇಲೆ ಹಿಡಿಯುವ ಕೆಂಪು ಮುತ್ತುಕುಡೆ ಇರುವ ನಾಡಿದು. ಪಟಾಕಿ ಮಾತ್ರ ಬಿಡಿ. 2016ರ ಏಪ್ರಿಲ್ 10ರಂದು ಕೊಲ್ಲಂ ಬಳಿಯ ಪುಟ್ಟಿಂಗಲ್ ದೇವಸ್ಥಾನದ ಬಾಣಬಿರುಸಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಕೇರಳದಲ್ಲಿ ಅದರ ಅನುಮತಿ ಬಹಳ ಬಿಗಿ. ಕೆಟ್ಟದ್ದನ್ನು ಓಡಿಸಲು ಸದ್ದು ಬೇಕಿದ್ದರೆ ಚೆಂಡೆ ಮೇಳ ಸಾಕು.

ಆಮೇಲೆ ಚಹಾ. ಉಳಿದದ್ದೆಲ್ಲ ಬಿಟ್ಟರೂ ಚೀನೀ ಮನೆಯವರು ಇದನ್ನು ಬಿಡುವುದಿಲ್ಲ, ಬಿಡಲೂಬಾರದು. ಪುರೋಹಿತನಿಲ್ಲದ ಆ ಮದುವೆಯಲ್ಲಿ ಹೆಣ್ಣನ್ನು ಮನೆಯವಳು ಎಂದು ಒಪ್ಪಿಕೊಳ್ಳುವ ಗಳಿಗೆ ಇದು. ಹಿರಿಯರು ಕುರ್ಚಿಯಲ್ಲಿ ಕೂರುತ್ತಾರೆ, ವಧೂವರರು ಮೆತ್ತೆಯ ಮೇಲೆ ಮಂಡಿಯೂರಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೊಡುತ್ತಾರೆ. ಅಲ್ಲಿಯವರೆಗೆ ಅಂಕಲ್, ಆಂಟಿ ಎಂದವಳು ಬಟ್ಟಲು ಕೊಡುತ್ತ ಮೊದಲ ಸಲ ಅಪ್ಪ, ಅಮ್ಮ ಎಂದು ಕರೆಯುತ್ತಾಳೆ. ಅವರು ಗುಟುಕರಿಸಿ, ಬಟ್ಟಲು ಮರಳಿಸಿ, ಕೆಂಪು ಲಕೋಟೆಯನ್ನೋ ಒಡವೆಯನ್ನೋ ಕೊಡುತ್ತಾರೆ. ನಂತರ ತಮ್ಮ ತಂಗಿಯರ ಸರದಿ. ಅವರು ಜೋಡಿಗೆ ಚಹಾ ಕೊಟ್ಟು ಲಕೋಟೆ ಪಡೆಯುತ್ತಾರೆ. ಚಹಾಕ್ಕೆ ಹಾಲು ಹಾಕುವುದಿಲ್ಲ, ಕೆಂಪು ಖರ್ಜೂರ, ತಾವರೆಬೀಜ ಹಾಕಿ ಸಿಹಿ ಮಾಡುತ್ತಾರೆ. ಮೂನ್ನಾರಿನ ಎಲೆಯಲ್ಲಿ ಕಾಯಿಸಿದ, ಮಲಯಾಳಿಗಳು ದಿನಾ ಕುಡಿಯುವ ಕಟ್ಟನ್ ಚಾಯ ಇದಕ್ಕೆ ಹೇಳಿ ಮಾಡಿಸಿದ್ದು. ಅಡುಗೆಯವನಿಗೆ ಹಾಲು ಬೇಡ ಎಂದು ಎರಡು ಸಲ ಹೇಳಿ, ಅಷ್ಟೇ.

ಇಲ್ಲೂ ದಿಕ್ಕಿನ ಪ್ರಶ್ನೆ ಇದ್ದೇ ಇದೆ. ನಾಯರ್ ಮನೆಯಲ್ಲಿ ಮದುಮಗಳು ಮಂಟಪಕ್ಕೆ ಹೊರಡುವ ಮುಂಚೆ ಹಿರಿಯರಿಗೆ ವೀಳ್ಯದೆಲೆ, ಅಡಿಕೆ, ನಾಣ್ಯ ಇಟ್ಟು ದಕ್ಷಿಣೆ ಕೊಟ್ಟು ಕಾಲು ಮುಟ್ಟುತ್ತಾಳೆ. ಇಲ್ಲಿ ದುಡ್ಡು ಕಿರಿಯರಿಂದ ಹಿರಿಯರಿಗೆ, ಚಹಾದಲ್ಲಿ ಹಿರಿಯರಿಂದ ಕಿರಿಯರಿಗೆ. ಮಲಯಾಳಿ ಅಜ್ಜನಿಗೆ ಗೊಂದಲವಾದರೆ ವಿಷುವಿನ ಕೈನೀಟವನ್ನು ನೆನಪಿಸಿ, ಅಂದು ಮಕ್ಕಳ ಕೈಗೆ ದುಡ್ಡು ಇಡುವವನು ಅವನೇ. ಇನ್ನೂ ನಾಜೂಕಿನ ಪ್ರಶ್ನೆ, ಮೊದಲ ಬಟ್ಟಲು ಯಾರಿಗೆ? ಚೀನೀ ಕ್ರಮದಲ್ಲಿ ಅಪ್ಪನ ಅಪ್ಪ ಅಮ್ಮ ಮೊದಲು. ನಾಯರ್ ಮನೆಯಲ್ಲಿ ಅಮ್ಮಾವನ್, ಅಂದರೆ ಸೋದರಮಾವ, ಹಿಂದೆ ಮನೆಯ ಯಜಮಾನನೇ ಆಗಿದ್ದವನು. 1975ರ ಕಾಯ್ದೆ ಅವಿಭಕ್ತ ಕುಟುಂಬವನ್ನೇ ತೆಗೆದುಹಾಕಿದ್ದು ಹೌದು, ಮದುವೆ ಮನೆಯ ಮುಂದಿನ ಸಾಲಿನ ಕುರ್ಚಿಯನ್ನು ತೆಗೆದಿಲ್ಲ. ಅಳಿಯಸಂತಾನ ಕಂಡ ತುಳುನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಚೀನೀಯರಿಗೂ ಇದು ತೀರಾ ಹೊಸ ಸಂಗತಿಯಲ್ಲ. ಚೀನೀ ನೌಕಾಧಿಪತಿ ಜೆಂಗ್ ಹೆಯ ನೌಕಾಪಡೆಯ ಜತೆ ದುಭಾಷಿಯಾಗಿ ಬಂದ ಮಾ ಹುವಾನ್, ಕಲ್ಲಿಕೋಟೆಯಲ್ಲಿ ರಾಜ್ಯ ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ ಹೋಗುತ್ತದೆ ಎಂದು ಆರು ನೂರು ವರ್ಷದ ಹಿಂದೆಯೇ ಬರೆದಿಟ್ಟ. ಕೊಚ್ಚಿಯ ಬಗ್ಗೆಯೂ ಅವನು ಬರೆದಿದ್ದಾನೆ. 1416ರಲ್ಲಿ ಯೊಂಗ್ಲೆ ಚಕ್ರವರ್ತಿ ಕೊಚ್ಚಿಯ ಅರಸನಿಗೆ ಮುದ್ರೆಯನ್ನೂ, ಅಲ್ಲಿನ ಒಂದು ಬೆಟ್ಟಕ್ಕೆ ನಾಡನ್ನು ಕಾಯುವ ಬೆಟ್ಟ ಎಂಬ ಬಿರುದನ್ನೂ ಶಾಸನವನ್ನೂ ಕೊಟ್ಟಿದ್ದ. ಮದುವೆಯ ಹಿಂದಿನ ದಿನ ಬೀಗರನ್ನು ಮಟ್ಟಾಂಚೇರಿಯ ಪರದೇಶಿ ಸಿನಗಾಗ್‌ಗೆ ಕರೆದೊಯ್ದರೆ ಕಾಲ ಕೆಳಗೆ ಹದಿನೆಂಟನೇ ಶತಮಾನದ ಚೀನೀ ಹಂಚು, ಒಂದರ ಚಿತ್ರ ಇನ್ನೊಂದರಂತಿಲ್ಲ. ಫೋರ್ಟ್ ಕೊಚ್ಚಿಯ ಚೀನವಲೆಯ ಮುಂದೆ ಅವರು ಹೇಗೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಬಲೆಯನ್ನು ತಂದವರು ಚೀನೀಯರೋ, ಮಕಾವಿನಿಂದ ಬಂದ ಪೋರ್ಚುಗೀಸರೋ ಎಂಬ ವಾದ ಇದೆ. ಬೀಗರ ಮುಂದೆ ಅದನ್ನು ಎತ್ತಬೇಡಿ. ಅಡುಗೆಮನೆಯಲ್ಲಿ ಚೀನಚಟ್ಟಿ, ಉಪ್ಪಿನಕಾಯಿಗೆ ಚೀನಭರಣಿ ಎನ್ನುವ ನಾಡಿಗೆ ಪರಿಚಯ ಮಾಡಿಸಲು ಅಷ್ಟು ಸಾಕು.

ರಾತ್ರಿ ಊಟಕ್ಕೆ ಹತ್ತು ಜನರ ದುಂಡುಮೇಜು, ಎಂಟೋ ಹತ್ತೋ ಬಗೆ, ಒಂದಾದ ಮೇಲೆ ಒಂದು. ನಾಲ್ಕನೇ ನಂಬರಿನ ಮೇಜು ಇರಬಾರದು. ಹಳೆಯ ಪಟ್ಟಿಯಲ್ಲಿ ಎರಡು ಪದಾರ್ಥಗಳನ್ನು ಹೊಡೆದುಹಾಕಿ. ಸಮುದ್ರಸೌತೆ ಎಂಬ ಜೀವಿ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಬಡಿಸಿದರೆ ಹುಲಿಮಾಂಸ ಬಡಿಸಿದಷ್ಟೇ ಅಪರಾಧ. ಶಾರ್ಕ್ ರೆಕ್ಕೆಯ ರಫ್ತನ್ನೇ ಭಾರತ 2015ರಲ್ಲಿ ನಿಲ್ಲಿಸಿದೆ, ಅದರ ಸೂಪಿನ ಗೀಳು ಪೆನಾಂಗ್‌ನಲ್ಲೇ ಉಳಿಯಲಿ. ಇಡೀ ಮೀನು ಮಾತ್ರ ಬೇಕೇ ಬೇಕು, ತಲೆಯಿಂದ ಬಾಲದವರೆಗೆ. ಕೇರಳದ ರಾಜ್ಯಮೀನು ಕರಿಮೀನು ಬಾಳೆಎಲೆಯಲ್ಲಿ ಇಡಿಯಾಗಿಯೇ ಬೇಯುತ್ತದೆ. ಬಾತಿಗೆ ಕುಟ್ಟನಾಡು ಇದೆ. ಹಂದಿಗೆ ಅಂಗಮಾಲಿಯ ಅಡುಗೆಯವರಿದ್ದಾರೆ, ಆದರೆ ಹೆಣ್ಣಿನ ಕಡೆಯ ಸಸ್ಯಾಹಾರಿಗಳ ಮೇಜು ದೂರವಿರಲಿ. ಗೋಬಿ ಮಂಚೂರಿ ಬೇಕೆಂದು ಯಾರಾದರೂ ಹಟ ಹಿಡಿದರೆ ಕೊಡಿ. ಬೀಗರು ಅದನ್ನು ಭಾರತೀಯ ತಿಂಡಿ ಎಂದು ಚಪ್ಪರಿಸಿ ತಿನ್ನುತ್ತಾರೆ, ಅದು ಸತ್ಯವೂ ಹೌದು.

ಇದೆಲ್ಲ ಹೊಸ ಕಾಲದ ಸಾಹಸ ಎಂದುಕೊಂಡವರು ಗುಡಲೂರಿನಿಂದ ಊಟಿಗೆ ಹತ್ತುವಾಗ ನಡುವಟ್ಟಂನಲ್ಲಿ ಒಮ್ಮೆ ಇಳಿಯಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಮಲಕ್ಕಾ ಕಡೆಯ ಜೈಲುಗಳಲ್ಲಿ ಜಾಗ ಸಾಲದೆ ಬ್ರಿಟಿಷರು ಚೀನೀ ಕೈದಿಗಳನ್ನು ಮದರಾಸು ಪ್ರಾಂತ್ಯಕ್ಕೆ ಸಾಗಿಸಿದರು. ನೀಲಗಿರಿಯಲ್ಲಿ ಬಿಡುಗಡೆಯಾದ ಕೆಲವರು ಅಲ್ಲೇ ನಿಂತು ತಮಿಳು ಹೆಂಗಸರನ್ನು ಮದುವೆಯಾದರು. ಅವರ ಮಕ್ಕಳು ಮರಿಗಳನ್ನು ಕಂಡು ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಬರೆದಿದ್ದಾನೆ: ತರಕಾರಿ, ಸ್ವಲ್ಪ ಕಾಫಿ, ಹಸುವಿನ ಹಾಲು ಅವರ ಜೀವನ. ಮೂಗು ಕಣ್ಣಿನ ಅಳತೆ ತೆಗೆಯುವ ಗೀಳಿನ ಆ ಪುಣ್ಯಾತ್ಮನಿಗೆ ಆ ಮದುವೆಗಳು ಹೇಗಾದವು, ಯಾರು ಯಾರಿಗೆ ಏನು ಕೊಟ್ಟರು ಎಂದು ಕೇಳಬೇಕೆನಿಸಲಿಲ್ಲ.

ಮೂರನೇ ದಿನ ವಧು ಗಂಡನೊಡನೆ ತವರಿಗೆ ಹೋಗಿಬರುವ ಶಾಸ್ತ್ರ ಒಂದು ಉಳಿಯಿತು. ನಮ್ಮ ಮರುವಳಿ, ಮಲಯಾಳಿಗಳ ವಿರುನ್ನು, ಅದೇ. ಕ್ಯಾಂಟನ್ ಕಡೆಯವರು ಹುರಿದ ಇಡೀ ಹಂದಿಮರಿ ಒಯ್ಯುತ್ತಾರೆ, ಮತ್ತು ಸೂರ್ಯ ಮುಳುಗುವ ಮುನ್ನ ಮರಳಬೇಕು ಎನ್ನುತ್ತಾರೆ. ಕೊಚ್ಚಿಯಿಂದ ತಿರುವನಂತಪುರ ಸುಮಾರು 200 ಕಿಲೋಮೀಟರ್, ಹೆದ್ದಾರಿ 66ರ ಅಗಲೀಕರಣದ ಗುಂಡಿಗಳಲ್ಲಿ ಹೋಗಿ, ಉಂಡು, ಕತ್ತಲಾಗುವ ಮುಂಚೆ ಮರಳುವುದು ಆಗದ ಮಾತು. ಹಂದಿಯ ಬದಲು ಹಣ್ಣಿನ ಬುಟ್ಟಿ ಹಿಡಿದು ರೈಲು ಹತ್ತುವುದು ಮೇಲು. ವರನ ಮನೆಯವರೂ ಜತೆಗೆ ಹೋಗಿ ಎರಡು ದಿನ ಕೋವಳಂನಲ್ಲಿ ರೂಮು ಹಿಡಿದರೆ, ಗಂಡನ ಮನೆ ಆಗ ತವರಿನಿಂದ ಅರ್ಧ ಗಂಟೆಯ ದಾರಿ. ಸೂರ್ಯ ಮುಳುಗುವ ಮುನ್ನ ಆರಾಮಾಗಿ ತಲುಪಬಹುದು.